ಬೊನ್ ನ್ವೀ ಹೇಳಿ ಎದ್ದುಹೋಗುವುದು

ಕೊರೊನಾದ ಗದ್ದಲ ಮುಗಿದು ಶಾಲೆಗಳು ಮತ್ತೆ ತೆರೆದ ಮರುವರ್ಷ ನಾನು ಬಸವನ ಬಾಗೇವಾಡಿಯ ಒಂದು ದತ್ತು ಕೇಂದ್ರದಲ್ಲಿ ಹಿರಿಯ ಸಮಾಜ ಕಾರ್ಯಕರ್ತೆಯಾಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ಹೆತ್ತವರು ಬಿಟ್ಟುಹೋದ, ಇಲ್ಲವೇ ಸಾಕಲಾಗದೆ ತಾವೇ ತಂದೊಪ್ಪಿಸಿದ ಸಣ್ಣ ಮಕ್ಕಳು ನಮ್ಮಲ್ಲಿರುತ್ತಿದ್ದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಹೀಗೆ ಯಾವ ಕಡೆಯಿಂದ ಮಗು ಸಿಕ್ಕಿದೆಯೆಂದು ಫೋನ್ ಬಂದರೂ ಗಾಡಿ ಹತ್ತುವವಳು ನಾನೇ. ನನ್ನ ಕೆಲಸ ಏನೆಂದು ಕೇಳಿದವರೆಲ್ಲ ಪುಣ್ಯದ ಕೆಲಸ ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಮಕ್ಕಳ ಹೇಲು ಉಚ್ಚೆ ಬಳಿಯುವವರು ಆಯಾಗಳು, ಪುಣ್ಯ ಮಾತ್ರ ನನ್ನ ಖಾತೆಗೆ!

ಆ ಆಯಾಗಳಲ್ಲಿ ಹಿರಿಯಳು ಮನಗೂಳಿಯ ಹುಸೇನಬಿ. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ, ಮಗಳು ಮದುವೆಯಾಗಿ ಹೋಗಿದ್ದಳು. ರಾತ್ರಿ ಪಾಳಿಯನ್ನು ಆಕೆಯೇ ಕೇಳಿ ಪಡೆದಿದ್ದಳು, ಹಗಲಲ್ಲೂ ಅಡುಗೆಮನೆ ಬಿಟ್ಟು ಹೋಗುತ್ತಿರಲಿಲ್ಲ. ಬಾಯಿ ಬಹಳ ಜೋರು. ಹಾಲಿನವನಿಂದ ಹಿಡಿದು ನಮ್ಮ ಟ್ರಸ್ಟಿನ ಅಧ್ಯಕ್ಷರ ತನಕ ಯಾರನ್ನೂ ಬಿಡುತ್ತಿರಲಿಲ್ಲ. ನನಗೂ ಆಕೆಗೂ ವಾರಕ್ಕೊಮ್ಮೆಯಾದರೂ ಜಗಳವಾಗುತ್ತಿತ್ತು. ಮಕ್ಕಳು ಆಕೆಯನ್ನು ಆಯಿ ಎಂದು ಕರೆಯುತ್ತಿದ್ದವು.

ಭಾಗಿ ನಮ್ಮಲ್ಲಿಗೆ ಬಂದದ್ದು ಅದಕ್ಕೂ ಎರಡು ವರ್ಷ ಮೊದಲು. ಸಿಂದಗಿಯ ಬಸ್ ನಿಲ್ದಾಣದಲ್ಲಿ ಒಂದು ಮಧ್ಯಾಹ್ನ ಬೆಂಚಿನ ಮೇಲೆ ಅವಳನ್ನು ಮಲಗಿಸಿ, ತಲೆಯಡಿ ಟವೆಲ್ ಮಡಿಸಿಟ್ಟು, ಕೈಗೆಟಕುವಂತೆ ಬಿಸ್ಕಿಟ್ ಪುಡಿಕೆ ಇಟ್ಟು ಯಾರೋ ಎದ್ದುಹೋಗಿದ್ದರು. ಆಗ ಅವಳಿಗೆ ನಾಲ್ಕು ವರ್ಷವಿರಬಹುದು. ಎಡಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಗಿತ್ತು. ಹೆಸರು ಕೇಳಿದರೆ ಭಾಗಿ ಎಂದಳು. ಭಾಗೀರಥಿ ಇರಬೇಕೆಂದು ನಾವೇ ಬರೆದುಕೊಂಡೆವು. "ನಿಮ್ಮವ್ವ ಎಲ್ಲಿ ಹೋದಳ?" ಎಂದು ಪೊಲೀಸರು ಕೇಳಿದರು, ನಾನು ಕೇಳಿದೆ, ಮಕ್ಕಳ ಕಲ್ಯಾಣ ಸಮಿತಿಯವರು ಕೇಳಿದರು. ಎಲ್ಲರಿಗೂ ಅವಳದು ಒಂದೇ ಉತ್ತರ: "ನಾ ಮಕ್ಕೊಂಡಿದ್ದೆ."

ಪತ್ರಿಕೆಯಲ್ಲಿ ಫೋಟೊ ಹಾಕಿಸಿದೆವು, ಊರೂರು ವಿಚಾರಿಸಿದೆವು. ಯಾರೂ ಬರಲಿಲ್ಲ. ಕಾಯಬೇಕಾದ ಅವಧಿ ಮುಗಿದ ಮೇಲೆ ಸಮಿತಿಯು ಅವಳನ್ನು ಲೀಗಲಿ ಫ್ರೀ ಎಂದು ಘೋಷಿಸಿತು. ಈ ಮಗುವಿನ ಮೇಲೆ ಹಕ್ಕು ಸಾಧಿಸುವವರು ಯಾರೂ ಇಲ್ಲ, ಇನ್ನು ದತ್ತು ಕೊಡಬಹುದು ಎಂದು ಇದರ ಅರ್ಥ. ಎಷ್ಟು ಸಾರಿ ಓದಿದರೂ ನನಗೆ ಈ ಫ್ರೀ ಎಂಬ ಪದ ಒಗ್ಗಲಿಲ್ಲ.

ಹಗಲು ಹೊತ್ತಿನಲ್ಲಿ ಭಾಗಿ ಎಂದೂ ಮಲಗುತ್ತಿರಲಿಲ್ಲ. ಊಟವಾದ ಮೇಲೆ ಉಳಿದ ಮಕ್ಕಳು ಚಾಪೆಯ ಮೇಲೆ ಬಿದ್ದುಕೊಂಡರೆ ಅವಳು ಗೋಡೆಗೆ ಬೆನ್ನು ಹಚ್ಚಿ, ಕಣ್ಣು ಕಿಸಿದುಕೊಂಡು ಕೂತಿರುತ್ತಿದ್ದಳು. ರಾತ್ರಿ ಹುಸೇನಬಿ ಪಕ್ಕದಲ್ಲಿ ಮಲಗಲೇಬೇಕು. ಆಕೆಯ ಸೀರೆಯ ಸೆರಗನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಆಕೆ ಕೆಮ್ಮಿದರೂ ಎಚ್ಚರವಾಗುವಷ್ಟು ತೆಳ್ಳಗೆ ನಿದ್ದೆ ಮಾಡುತ್ತಿದ್ದಳು. ತಾನು ಮೂತ್ರಕ್ಕೆ ಏಳಬೇಕಾದರೂ ಹುಸೇನಬಿ ಅವಳನ್ನು ಎತ್ತಿಕೊಂಡೇ ಹೋಗುತ್ತಿದ್ದಳು.

ಯಾವ ಮಗುವಿಗಾದರೂ ಮೊದಲು ದೇಶದೊಳಗೇ ಮನೆ ಹುಡುಕಬೇಕೆಂಬುದು ನಿಯಮ. ಹುಡುಕಿದೆವು. ಬಂದವರು ಭಾಗಿಯ ಪಾದ ನೋಡಿ, ವಯಸ್ಸು ಕೇಳಿ, ಚಹಾ ಕುಡಿದು ಹೋದರು. ಕೊನೆಗೆ ಒಪ್ಪಿದವರು ಫ್ರಾನ್ಸಿನ ಒಂದು ಸಣ್ಣ ಊರಿನ ದಂಪತಿ. ಹೆಂಡತಿಯ ಹೆಸರು ಕ್ಲೇರ್. ನಿಧಾನವಾಗಿ ಇಂಗ್ಲಿಷ್ ಮಾತಾಡುತ್ತಿದ್ದಳು, ಹಾಗಾಗಿ ನಾನು ನೇರವಾಗಿಯೇ ಮಾತಾಡಬಹುದಿತ್ತು. ಭಾಗಿಯ ಕಾಲಿನ ಶಸ್ತ್ರಚಿಕಿತ್ಸೆಗೆ ಅಲ್ಲಿ ವೈದ್ಯರನ್ನು ಕಂಡು ಬಂದಿದ್ದಳು, ಅವಳಿಗೆಂದು ಒಂದು ಕೋಣೆಗೆ ಹಳದಿ ಬಣ್ಣ ಬಳಿಸಿದ್ದಳು. ಮೊದಲ ವಿಡಿಯೊ ಕರೆಯಲ್ಲೇ ಅವಳು ಒಂದು ಮಾತು ಕೇಳಿದಳು. ಹೊಸ ಮನೆಗೆ ಬಂದ ಮಗುವಿಗೆ ಮಲಗುವ ಹೊತ್ತೇ ಬಲು ಕಷ್ಟವಂತೆ. ಆ ಹೊತ್ತಿಗೆ ತಾನು ಹೇಳುವ ಮಾತು ಭಾಗಿಗೆ ಮೊದಲೇ ಪರಿಚಿತವಾಗಿದ್ದರೆ ಒಳ್ಳೆಯದು; ಈಗ ಅವಳನ್ನು ಮಲಗಿಸುವವರು ಅದನ್ನು ಕಲಿತು ದಿನಾ ಹೇಳಬಹುದೇ?

ಕೇಳಿದ್ದು ನ್ಯಾಯವೇ ಆಗಿತ್ತು. ಕ್ಲೇರ್ ತನ್ನ ದನಿಯಲ್ಲಿ ಒಂದೊಂದೇ ಪದ ಬಿಡಿಸಿ ಹೇಳಿ ಕಳಿಸಿದಳು. ಬೊನ್ ನ್ವೀ, ಅಂದರೆ ಒಳ್ಳೆಯ ರಾತ್ರಿಯಾಗಲಿ. ಆ ದೆಮ್ಯಾಂ, ಅಂದರೆ ನಾಳೆ ಸಿಗೋಣ. ಅಡುಗೆಮನೆಯ ಪಡಸಾಲೆಯಲ್ಲಿ ಕೂತು ನಾನು ಅರ್ಥ ಹೇಳಿದಾಗ ಹುಸೇನಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಅಕ್ಕಾರ, ಮಲಗೋ ಕೂಸಿಗೆ ಯಾರರ ನಾಳೆ ಸಿಗೂಣು ಅಂತಾರೇನ್ರಿ? ಮಗ್ಗಲಕ ಇರ್ತೇವಿ, ಎಲ್ಲಿಗೆ ಹೋಗೂದೈತಿ?"

ನಾನೂ ಯೋಚಿಸಿದೆ. ನನ್ನೂರು ತಾಂಬಾದ ನಮ್ಮ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳ ತನಕ ಎಲ್ಲರೂ ಸಾಲಾಗಿ ಹಾಸಿಕೊಂಡು ಮಲಗುತ್ತಿದ್ದೆವು. ಮಾತಾಡುತ್ತ ಮಾತಾಡುತ್ತ ಒಬ್ಬೊಬ್ಬರದೇ ದನಿ ನಿಲ್ಲುತ್ತಿತ್ತು, ಅಷ್ಟೇ. ಮಕ್ಕೋ, ಕಣ್ಣು ಮುಚ್ಚು ಎಂದು ಬೈಯುವುದುಂಟು. ಬೀಳ್ಕೊಡುವುದಿಲ್ಲ. ಶುಭರಾತ್ರಿ ಎಂಬುದು ಗುಲಾಬಿ ಹೂವಿನ ಚಿತ್ರದೊಡನೆ ವಾಟ್ಸ್ಆ್ಯಪಿನಲ್ಲಿ ಬರುವ ಮಾತು. ಪಕ್ಕದಲ್ಲಿ ಮಲಗಿದವರಿಗೆ ಯಾರಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಆದರೂ ಹುಸೇನಬಿ ಕಲಿತಳು. ಫೋನನ್ನು ಕಿವಿಗೊತ್ತಿಕೊಂಡು, ರೊಟ್ಟಿ ಬಡಿಯುವ ತಾಳಕ್ಕೆ ಸರಿಯಾಗಿ ಬೊನ್ ನ್ವೀ, ಬೊನ್ ನ್ವೀ ಎಂದು ಹೇಳಿಕೊಳ್ಳುತ್ತಿದ್ದಳು. ಆಕೆಯ ಬಾಯಲ್ಲಿ ಆ ಮಾತು ಯಾರನ್ನೋ ಗದರಿಸಿದ ಹಾಗೆ ಕೇಳುತ್ತಿತ್ತು. ಕೆಲವೇ ದಿನಗಳಲ್ಲಿ ಕೇಂದ್ರದ ಮಕ್ಕಳೆಲ್ಲ ಅದನ್ನು ಹಿಡಿದುಕೊಂಡವು. ಬೆಳಿಗ್ಗೆ ಬರುವ ಹಾಲಿನವನಿಗೂ ಬೊನ್ ನ್ವೀ, ಹಿತ್ತಲಿಗೆ ನುಗ್ಗುವ ಆಡಿಗೂ ಬೊನ್ ನ್ವೀ. ಭಾಗಿಯಂತೂ ಸಂಜೆಯಾಯಿತೆಂದರೆ ತಾನೇ ಚಾಪೆ ಹಾಸಿ ಹುಸೇನಬಿಯನ್ನು ಎಳೆದು ತರುತ್ತಿದ್ದಳು. ಹುಸೇನಬಿ ಪಕ್ಕದಲ್ಲಿ ಒರಗಿ ಮಾತು ಹೇಳುವಳು, ಭಾಗಿ ತಿರುಗಿ ಹೇಳುವಳು, ಸೆರಗು ಸುತ್ತಿಕೊಂಡು ಕಣ್ಣು ಮುಚ್ಚುವಳು. ಇಷ್ಟು ಸುಲಭವಾಗಿ ಆದದ್ದಕ್ಕೆ ನಾವೆಲ್ಲ ಹಿಗ್ಗಿದೆವು.

ಕ್ಲೇರಿಗೂ ತೋರಿಸೋಣವೆಂದು ಒಂದು ದಿನ ಮಲಗುವ ಹೊತ್ತಿಗೆ ವಿಡಿಯೊ ಕರೆ ಮಾಡಿದೆ. ಅಲ್ಲಿ ಆಗ ಇನ್ನೂ ಸಂಜೆಯ ಚಹಾದ ಹೊತ್ತು. ಭಾಗಿ ಬೊನ್ ನ್ವೀ ಎಂದದ್ದು ಕೇಳಿ ಕ್ಲೇರ್ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದು ಆಮೇಲೆ ಕೇಳಿದಳು: "ಆ ಅಮ್ಮ ಯಾವಾಗ ಎದ್ದುಹೋಗುತ್ತಾರೆ?"

ಎಲ್ಲಿಗೆ ಎಂದು ನಾನು ಕೇಳಿದೆ. ಅವಳು ವಿವರಿಸಿದಳು. ಅವರಲ್ಲಿ ಮಗುವಿಗೆ ಮುತ್ತು ಕೊಟ್ಟು, ಬೊನ್ ನ್ವೀ ಹೇಳಿ, ದೀಪ ಆರಿಸಿ, ಬಾಗಿಲು ಎಳೆದುಕೊಂಡು ಹೆತ್ತವರು ತಮ್ಮ ಕೋಣೆಗೆ ಹೋಗುತ್ತಾರೆ. ಮಗು ತನ್ನ ಕೋಣೆಯಲ್ಲಿ ಒಂಟಿಯಾಗಿ ಮಲಗುತ್ತದೆ. ಆ ಮಾತು ಹೇಳುವುದೇ ಎದ್ದುಹೋಗುವಾಗ.

ಹಳದಿ ಕೋಣೆಯ ಫೋಟೊವನ್ನು ನಾನೇ ಎಲ್ಲರಿಗೂ ತೋರಿಸಿದ್ದೆ. ಅದರಲ್ಲಿ ಒಂದೇ ಮಂಚವಿದೆಯೆಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ದೊಡ್ಡವರೂ ಅಲ್ಲೇ ಕೆಳಗೆ ಹಾಸಿಕೊಳ್ಳುತ್ತಾರೆ ಎಂದುಕೊಂಡಿದ್ದೆವು. ಈ ಮಾತು ಹೇಳಿದವರು ಪಕ್ಕದಲ್ಲೇ ಇರುತ್ತಾರೆಂದು ಭಾಗಿಗೆ ದಿನವೂ ಮನದಟ್ಟು ಮಾಡಿದ್ದೆವು. ಅಲ್ಲಿ ಅದೇ ಮಾತು ಹೇಳಿ, ಹೊಸ ತಾಯಿ ದೀಪ ಆರಿಸಿ ಹೊರಡುತ್ತಾಳೆ. ಮಲಗಿಸಿ ಎದ್ದುಹೋದವರನ್ನು ಈಗಾಗಲೇ ಒಮ್ಮೆ ಕಂಡ ಮಗು ಅದು.

ಕ್ಲೇರ್ ಒಳ್ಳೆಯವಳು. ಬೇಕಾದಷ್ಟು ದಿನ ತಾನು ಪಕ್ಕದಲ್ಲೇ ಮಲಗುವೆನೆಂದಳು. ಆದರೆ ಎಂದೋ ಒಂದು ದಿನ ಆಕೆ ಏಳಲೇಬೇಕು; ಕಾಲಿನ ಚಿಕಿತ್ಸೆಗೆ ಭಾಗಿ ಆಸ್ಪತ್ರೆಯಲ್ಲಿ ಒಂಟಿಯಾಗಿಯೂ ಮಲಗಬೇಕಾಗುತ್ತದೆ. ಇಲ್ಲೇ ಕಲಿಸಿಬಿಡೋಣ ಎಂದು ನಾನು ಹುಸೇನಬಿಗೆ ಹೇಳಿದೆ. ಆಕೆ ಉರಿದುಬಿದ್ದಳು.

"ಕೂಸು ಬೇಕಂತ, ಮಗ್ಗಲಕ ಮಲಗಿಸ್ಕೊಳ್ಳಾಕ ಜಾಗಾ ಇಲ್ಲಂತ! ಎಂಥಾ ಮಂದಿಗೆ ಕೊಡಾಕತ್ತೀರಿ ಅಕ್ಕಾರ?"

ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ ಕಚೇರಿಯ ಬಾಗಿಲಲ್ಲಿ ಬಂದು ನಿಂತು, ನನ್ನ ಕಡೆ ನೋಡದೆಯೇ ಹೇಳಿದಳು: "ಅಲ್ಲಿ ಹೋಗಿ ಗೊತ್ತಾಗೂದಕಿಂತ ಇಲ್ಲೇ ಗೊತ್ತಾಗ್ಲಿ. ಇಲ್ಲಿ ಅತ್ತರ ನಾ ಅದೇನಿ."

ಆ ಸಂಜೆ ಬೊನ್ ನ್ವೀ, ಆ ದೆಮ್ಯಾಂ ಎಂದು ಹೇಳಿ ಹುಸೇನಬಿ ಭಾಗಿಯ ಮಣಿಕಟ್ಟಿನಿಂದ ಸೆರಗು ಬಿಡಿಸಿಕೊಂಡು ಎದ್ದಳು. ಭಾಗಿ ಮೊದಲು ಸುಮ್ಮನೆ ನೋಡಿದಳು. ಆಕೆ ಹೊಸ್ತಿಲು ದಾಟುತ್ತಿದ್ದಂತೆ ಅವಳ ಬಾಯಿಂದ ಬಂದ ದನಿಯನ್ನು ನಾನು ಅಷ್ಟು ವರ್ಷಗಳ ಕೆಲಸದಲ್ಲಿ ಕೇಳಿರಲಿಲ್ಲ. ಅತ್ತು ಅತ್ತು ವಾಂತಿ ಮಾಡಿಕೊಂಡಳು. ಹೊರಗೆ ಹುಸೇನಬಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಇನ್ನು ಸ್ವಲ್ಪ ತಾಳು ಎಂದು ನಾನು ಕೈ ಹಿಡಿದರೆ ಕೊಡವಿಕೊಂಡು, "ನಿಮಗ ಕಳ್ಳು ಅನ್ನೂದು ಐತೋ ಇಲ್ರಿ?" ಎಂದು ಒಳಗೆ ಓಡಿದಳು. ಕರುಳಿತ್ತು. ಕಚೇರಿಯ ಬಾಗಿಲು ಹಾಕಿಕೊಂಡು ನಾನೂ ಅತ್ತೆ.

ಆಮೇಲೆ ಅವಸರ ಮಾಡಲಿಲ್ಲ. ಮಾತು ಹೇಳಿ ಮೊದಲು ಹಾಸಿಗೆಯ ಕಾಲ್ದೆಸೆಯಲ್ಲಿ ಕೂಡುವುದು. ಅದು ರೂಢಿಯಾದ ಮೇಲೆ ಹೊಸ್ತಿಲ ಮೇಲೆ. ಆಮೇಲೆ ಪಡಸಾಲೆಯಲ್ಲಿ, ಭಾಗಿಗೆ ಕಾಣಿಸದಿದ್ದರೂ ಕೇಳಿಸುವಂತೆ. ಹುಸೇನಬಿ ಅಲ್ಲಿ ಕೂತು ಬೇಕೆಂದೇ ಬಳೆ ಸದ್ದು ಮಾಡುವಳು, ಕೆಮ್ಮುವಳು, ಅಕ್ಕಿ ಆರಿಸುವಳು. ಕೊನೆಗೆ ಅಡುಗೆಮನೆಯಾಚೆಯ ಕೋಣೆಗೆ ಹೋಗಿ ಮಲಗತೊಡಗಿದಳು. ಬೆಳಕು ಹರಿಯುತ್ತಿದ್ದಂತೆ ಭಾಗಿ ಕಣ್ಣು ಬಿಡುವ ಮೊದಲೇ ಬಂದು ಹಾಸಿಗೆಯ ಪಕ್ಕ ಕೂಡುವಳು. ಭಾಗಿ ಕಣ್ಣು ಬಿಟ್ಟು ಕೇಳುವ ಮೊದಲ ಮಾತು, "ಬಂದಿ?"

"ಬಂದೇನವಾ" ಎನ್ನುವಳು ಹುಸೇನಬಿ.

ಒಂದು ದಿನವೂ ಇದು ತಪ್ಪಲಿಲ್ಲ. ಆಕೆ ವಾರದ ರಜೆ ಬಿಟ್ಟಳು. ತಾಳಿಕೋಟೆಯಲ್ಲಿ ತಂಗಿಯ ಮಗಳ ಮದುವೆಯಿತ್ತು. ಬೆಳಿಗ್ಗೆ ಹೋದವಳು ಊಟಕ್ಕೂ ಕೂಡದೆ ಸಂಜೆಯೊಳಗೆ ಬಸ್ಸು ಹಿಡಿದು ಮರಳಿದಳು. ಬೀಗರು ಏನೆಂದುಕೊಂಡಾರು ಎಂದು ನಾನು ಕೇಳಿದರೆ, "ನಾಳೆ ಅಂತ ಮಾತ ಕೊಟ್ಟೇನ್ರಿ. ಅದು ಫ್ರೆಂಚಿನ್ಯಾಗ ಕೊಟ್ರ ಮಾತು ಅಲ್ಲೇನು?" ಎಂದಳು.

ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಹುಸೇನಬಿ ಸದ್ದಿಲ್ಲದೆ ಬಂದು ನನ್ನನ್ನು ಕೈಸನ್ನೆ ಮಾಡಿ ಕರೆದಳು. ಹೋಗಿ ನೋಡಿದರೆ ಭಾಗಿ ಚಾಪೆಯ ಮೇಲೆ ಒಬ್ಬಳೇ ನಿದ್ದೆ ಹೋಗಿದ್ದಳು. ನಡುಹಗಲಲ್ಲಿ, ಬಾಯಿ ತೆರೆದುಕೊಂಡು, ಕೈಕಾಲು ಚೆಲ್ಲಿ, ಎಲ್ಲ ಮಕ್ಕಳ ಹಾಗೆ. ನಮ್ಮಲ್ಲಿಗೆ ಬಂದಂದಿನಿಂದ ಅವಳು ಹಗಲು ಮಲಗಿದ್ದು ಅದೇ ಮೊದಲು. ನನಗೆ ಕುಣಿದಾಡುವಷ್ಟು ಸಂತೋಷವಾಯಿತು. ಹುಸೇನಬಿ ಗೋಡೆ ಹಿಡಿದು ನಿಂತು ಅಳುತ್ತಿದ್ದಳು.

"ಇನ್ನ ಈಕಿ ಹೋಗಬಹುದ್ರಿ ಅಕ್ಕಾರ" ಎಂದಳು.

ಆ ಮಾತಿಗೆ ನನ್ನ ಸಂತೋಷ ಅಲ್ಲೇ ಇಂಗಿಹೋಯಿತು. ನಾನು ಆಕೆಯಿಂದ ಏನು ಕೆಲಸ ಮಾಡಿಸುತ್ತಿದ್ದೇನೆಂದು ಅಲ್ಲಿಯ ತನಕ ಸರಿಯಾಗಿ ನೋಡಿಯೇ ಇರಲಿಲ್ಲ. ತಾನಿಲ್ಲದೆ ನಿದ್ದೆ ಹೋಗುವುದನ್ನು ಆಕೆ ಆ ಮಗುವಿಗೆ ಕಲಿಸಿ ಮುಗಿಸಿದ್ದಳು.

ದತ್ತು ಆದೇಶ, ಪಾಸ್‌ಪೋರ್ಟ್, ವೀಸಾ ಎಲ್ಲ ಕೈಸೇರಿದ ಮೇಲೆ ಕ್ಲೇರ್ ಮತ್ತು ಆಕೆಯ ಗಂಡ ಬಂದರು. ಕೆಲವು ದಿನ ವಿಜಯಪುರದಲ್ಲಿ ಉಳಿದು, ದಿನಾ ನಮ್ಮಲ್ಲಿಗೆ ಬಂದು ಭಾಗಿಯೊಡನೆ ನೆಲದ ಮೇಲೆ ಕೂತು ಆಡಿದರು. ಹುಸೇನಬಿ ಮೊದಲ ದಿನ ಮುಖ ಗಂಟು ಹಾಕಿಕೊಂಡಿದ್ದಳು. ಭಾಗಿಯ ತಿರುಚಿದ ಪಾದವನ್ನು ಕ್ಲೇರ್ ತನ್ನ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚುವುದನ್ನು ಕಂಡ ಮೇಲೆ ಮೆತ್ತಗಾದಳು. ಹೇಗೆ ನೀವಬೇಕೆಂದು ಕೈ ಹಿಡಿದು ತೋರಿಸಿಕೊಟ್ಟಳು.

ಹೊರಡುವ ಏರ್ಪಾಡು ಮಾಡಿದವಳು ನಾನು. ಹೈದರಾಬಾದಿನಿಂದ ವಿಮಾನ. ದಾರಿ ದೂರ, ಮಗುವಿಗೆ ಆಯಾಸವಾಗಬಾರದು, ನಸುಕಿನಲ್ಲಿ ಮಲಗಿದ್ದಾಗಲೇ ಎತ್ತಿ ಕಾರಿನಲ್ಲಿ ಮಲಗಿಸಿದರೆ ಅಳುವಿನ ರಗಳೆಯೂ ತಪ್ಪುತ್ತದೆ ಎಂದು ಹೇಳಿದೆ. ಎಲ್ಲರೂ ಒಪ್ಪಿದರು. ಹುಸೇನಬಿ ಎದ್ದು ನಿಂತಳು.

"ಮಲಗಿದ ಕೂಸನ್ನ ಯಾರೂ ಎತ್ತಂಗಿಲ್ಲ. ಆಕಿ ಎದ್ದು, ಕಣ್ಣಾರೆ ನೋಡಿ, ತಾನ ನಡಕೊಂತ ಹೋಗಬೇಕು. ಇಲ್ಲಂದ್ರ ಸಿಂದಗಿ ಬಸ್‌ಸ್ಟ್ಯಾಂಡ ಆಕ್ಕೇತಿ."

ಹೊರಡುವ ಹೊತ್ತು ಬದಲಿಸಿದೆವು. ಹಿಂದಿನ ದಿನ ಹಗಲಿನಲ್ಲೇ ಹುಸೇನಬಿ ಭಾಗಿಯನ್ನು ಎದುರಿಗೆ ಕೂಡಿಸಿಕೊಂಡು, ನಾಳೆ ನೀನು ಈ ಅವ್ವನ ಜೊತೆ ಹೋಗುತ್ತೀ, ನಾನು ಬರುವುದಿಲ್ಲ, ಇನ್ನು ಮುಂಜಾನೆ ಬಂದು ಕೂಡುವವಳು ಈಕೆ ಎಂದು ಬಿಡಿಸಿ ಹೇಳಿದಳು. ಭಾಗಿ ಎಷ್ಟು ತಿಳಿದುಕೊಂಡಳೋ ಗೊತ್ತಿಲ್ಲ. ಕ್ಲೇರಳ ಮುಖವನ್ನು ಬಹಳ ಹೊತ್ತು ನೋಡಿದಳು.

ಮರುದಿನ ಬಿಸಿಲೇರಿದ ಮೇಲೆ, ಹೊಸ ಫ್ರಾಕ್ ತೊಟ್ಟು, ಕುಂಟುತ್ತ ನಡೆದು ಹೋಗಿ ಕಾರು ಹತ್ತಿದಳು. ಅಳಲಿಲ್ಲ. ಮಕ್ಕಳೆಲ್ಲ ಗೇಟಿನ ಹತ್ತಿರ ನಿಂತು ಟಾಟಾ ಮಾಡಿದವು. ಹುಸೇನಬಿ ಹತ್ತಿರ ಹೋಗಿ ಕಿಟಕಿಯೊಳಗೆ ಕೈ ಹಾಕಿ ಭಾಗಿಯ ಕೂದಲು ಸರಿಮಾಡಿದಳು. ಆಗ ಭಾಗಿಯೇ, ಆ ರಣ ಬಿಸಿಲಿನಲ್ಲಿ, ತನಗೆ ಗೊತ್ತಿದ್ದ ಒಂದೇ ಬೀಳ್ಕೊಡುಗೆಯನ್ನು ಹೇಳಿದಳು:

"ಬೊನ್ ನ್ವೀ, ಆಯಿ. ಆ ದೆಮ್ಯಾಂ."

ಕಾರು ಹೊರಟುಹೋಯಿತು.

ಮರುದಿನ ಬೆಳಿಗ್ಗೆ ನಾನು ಬೇಗನೆ ಕೇಂದ್ರಕ್ಕೆ ಹೋದೆ. ಹುಸೇನಬಿಗೆ ರಜೆ ಕೊಟ್ಟು ಮನಗೂಳಿಗೆ ಕಳಿಸಿದ್ದೆ. ಆಕೆ ಆಗಲೇ ಬಂದು, ಭಾಗಿ ಮಲಗುತ್ತಿದ್ದ ಜಾಗದ ಪಕ್ಕದಲ್ಲಿ ಕೂತಿದ್ದಳು. ಆಕೆಯೇ ಹೇಳಿದಳು: "ಬರಂಗಿಲ್ಲ ಅಂತ ಗೊತ್ತೈತ್ರಿ. ಆದ್ರ ನಾಳೆ ಅಂದು ಹೋಗ್ಯಾಳ. ಯಾರರ ಒಬ್ರು ಇರಬೇಕಲ್ಲ."

ಆಮೇಲೂ ಆಕೆ ದಿನಾ ಬೆಳಿಗ್ಗೆ ಅಲ್ಲಿ ಬಂದು ಕೂಡುವುದನ್ನು ಬಿಡಲಿಲ್ಲ. ಹತ್ತು ಹನ್ನೆರಡು ದಿನಗಳಾದ ಮೇಲೆ ಕ್ಲೇರಳಿಂದ ಸಂದೇಶ ಬಂತು. ಭಾಗಿ ಊಟ ಮಾಡುತ್ತಿದ್ದಾಳೆ, ವೈದ್ಯರು ಕಾಲು ನೋಡಿದ್ದಾರೆ. ಮೊದಲ ರಾತ್ರಿ ಕ್ಲೇರ್ ಪಕ್ಕದಲ್ಲಿ ಮಲಗಲು ಹೋದರೆ ಭಾಗಿಯೇ ಬೊನ್ ನ್ವೀ ಎಂದು ಬಾಗಿಲ ಕಡೆ ಕೈ ತೋರಿಸಿದಳಂತೆ. ತಾನು ಬಾಗಿಲಾಚೆ ನೆಲದ ಮೇಲೆಯೇ ಕೂತು ಬೆಳಗು ಮಾಡಿದೆ ಎಂದು ಬರೆದಿದ್ದಳು. ಆಮೇಲೆ ಒಂದು ಪ್ರಶ್ನೆ. ದಿನಾ ಬೆಳಿಗ್ಗೆ ತಾನು ಒಳಗೆ ಹೋದಾಗ ಭಾಗಿ ಒಂದು ಮಾತು ಕೇಳುತ್ತಾಳೆ, ಉತ್ತರಕ್ಕೆ ಕಾಯುತ್ತಾಳೆ, ತನಗೆ ಹೇಳಲು ಗೊತ್ತಾಗುವುದಿಲ್ಲ, ಅವಳ ಮುಖ ಬಾಡುತ್ತದೆ. ಆ ಮಾತನ್ನು ರೆಕಾರ್ಡ್ ಮಾಡಿ ಕಳಿಸಿದ್ದಳು.

ಆ ಮಧ್ಯಾಹ್ನ ಅಡುಗೆಮನೆಯ ಪಡಸಾಲೆಯಲ್ಲಿ ಕೂತು ಫೋನನ್ನು ಹುಸೇನಬಿಯ ಮುಂದೆ ಹಿಡಿದೆ. ನಿದ್ದೆಗಣ್ಣಿನ ಸಣ್ಣ ದನಿ: "ಬಂದಿ?"

ಹುಸೇನಬಿಯ ಹಿಟ್ಟಿನ ಕೈ ಹಾಗೇ ನಿಂತಿತು. ಆ ತಾಯಿಗೆ ಉತ್ತರ ಕಲಿಸಬೇಕು, ನೀನೇ ಹೇಳಿಕೊಡು ಎಂದೆ. ಆಕೆ ತಲೆ ಅಲ್ಲಾಡಿಸಿದಳು. "ಅದೊಂದು ನನ್ನ ಹತ್ರ ಇರ್ಲಿ ಬಿಡ್ರಿ ಅಕ್ಕಾರ. ಎಲ್ಲಾ ಕೊಟ್ಟೇನಿ."

ನಾನು ಒತ್ತಾಯಿಸಲಿಲ್ಲ. ಒತ್ತಾಯಿಸುವ ಬಾಯಿ ನನಗೆಲ್ಲಿತ್ತು? ಆಕೆ ಉಳಿದ ರೊಟ್ಟಿಗಳನ್ನೆಲ್ಲ ಬಡಿದು ಮುಗಿಸಿದಳು. ಹಂಚು ಇಳಿಸಿದಳು, ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಬಂದು ಕೈ ಚಾಚಿದಳು.

"ಕೊಡ್ರಿ ಫೋನ. ಕೂಸು ಕೇಳಾಕತ್ತೈತಿ, ಅದಕ್ಕ ಜವಾಬು ಸಿಗಬೇಕು."

ಕ್ಲೇರ್ ಒಮ್ಮೆ ತನಗೆ ಹೇಳಿಕೊಟ್ಟಿದ್ದ ಹಾಗೆಯೇ, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. "ಬಂ. ದೇ. ನ. ವಾ." ಆಮೇಲೆ ಕೂಡಿಸಿ, ಬೆಳಿಗ್ಗೆ ಹೇಳುತ್ತಿದ್ದ ಅದೇ ದನಿಯಲ್ಲಿ: "ಬಂದೇನವಾ." ಫೋನ್ ನನ್ನ ಕೈಗಿಟ್ಟು ಹಿತ್ತಲಿಗೆ ಹೋದಳು. ಬಹಳ ಹೊತ್ತು ಒಳಗೆ ಬರಲಿಲ್ಲ.

ನನ್ನ ಸೇವೆಯುದ್ದಕ್ಕೂ ಅನೇಕ ಮಕ್ಕಳನ್ನು ಒಪ್ಪಿಸಿದ್ದೇನೆ. ಸಹಿ ಬಿದ್ದು, ಫೋಟೊ ತೆಗೆಸಿ, ಕಾರು ಗೇಟು ದಾಟಿದರೆ ಒಪ್ಪಿಸಿದ ಹಾಗೆ ಎಂದು ತಿಳಿದಿದ್ದೆ. ಭಾಗಿಯನ್ನು ಒಪ್ಪಿಸಿದ್ದು ಆ ಮಧ್ಯಾಹ್ನ, ಪಡಸಾಲೆಯಲ್ಲಿ. ಒಪ್ಪಿಸಿದವಳು ನಾನಲ್ಲ.

ಮಾರನೆಯ ದಿನ ಕ್ಲೇರ್ ಬರೆದಳು: ಬಾಗಿಲು ತೆರೆದೆ, ಕೇಳಿದಳು, ಹೇಳಿದೆ, ನಕ್ಕಳು. ಅದನ್ನು ಓದಿ ಹೇಳಿದಾಗ ಹುಸೇನಬಿ ಬೇರೊಂದು ಮಗುವಿಗೆ ಹಾಲು ಕುಡಿಸುತ್ತಿದ್ದಳು. "ಛಲೋ ಆತು ಬಿಡ್ರಿ" ಎಂದಳು. ಅಂದಿನಿಂದ ಆಕೆ ಬೆಳಿಗ್ಗೆ ಆ ಖಾಲಿ ಜಾಗದಲ್ಲಿ ಬಂದು ಕೂಡಲಿಲ್ಲ.